ಮಾತು ಎತ್ತಿಕೊಟ್ಟವಳು

"ನಿಲ್ಸಿ! ಎಲ್ರೂ ನಿಲ್ಸಿ!"

ರಂಗದ ನಡುವೆ ನಿಂತಿದ್ದ ನಟ ತಲೆಯ ಮೇಲಿನ ಕಿರೀಟ ಕಿತ್ತು ಸಿಂಹಾಸನದ ಮೇಲೆ ಎಸೆದ. ಸೀದಾ ಎಡಗಡೆಯ ಸೈಡ್ ವಿಂಗ್ ಕಡೆಗೆ ಬಂದು ಕಪ್ಪು ಪರದೆಯನ್ನು ಸರ್ರನೆ ಸರಿಸಿದ.

ಪರದೆಯ ಹಿಂದೆ, ಮೂರು ಕಾಲಿನ ಮರದ ಸ್ಟೂಲಿನ ಮೇಲೆ, ತೊಡೆಯಲ್ಲಿ ನಾಟಕದ ಪ್ರತಿ ಇಟ್ಟುಕೊಂಡು ಅವಳು ಕೂತಿದ್ದಳು. ಮೂವತ್ತೊಂದು ವಯಸ್ಸು, ಮೂಗಿನ ಮೇಲೆ ದಪ್ಪ ಕನ್ನಡಕ. 

"ಯಾರು ನೀವು?"

"ನಾನು... ಪ್ರಾಂಪ್ಟರ್."

"ಈಗ ನನಗೆ ಮಾತು ಎತ್ತಿಕೊಟ್ಟಿದ್ದು ನೀವೇನಾ?"

"ಹೌದು. ನೀವು ಮರೆತ್ರಿ ಅಂತ..."

"ಮರೆತೆನಾ? ನಾನಾ?" ಅವನ ದನಿ ಏರಿತು. "ಅದು ಮರೆವಲ್ಲ ರೀ, ಮೌನ! ಮಗ ಸತ್ತ ಸುದ್ದಿ ಬಂದಿದೆ. ದೊರೆ ಆದ ಮಾತ್ರಕ್ಕೆ ಪಟಪಟ ಅಂತ ಮಾತಾಡಿಬಿಡ್ತಾನಾ? ಮೌನ ಯಾವುದು, ಮರೆವು ಯಾವುದು ಅಂತ ಗೊತ್ತಿಲ್ಲದವರನ್ನ ಈ ಸ್ಟೂಲ್ ಮೇಲೆ ಕೂರಿಸಿದ್ದು ಯಾರು?"

ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಬದಲಿಗೆ ಮೂಗಿನ ತುದಿಗೆ ಕೋಪ ಬಂತು.

"ನಮ್ಮಪ್ಪ," ಎಂದಳು. "ಮೂವತ್ತಾರು ವರ್ಷ ಇದೇ ಸ್ಟೂಲ್ ಮೇಲೆ ಕೂತಿದ್ರು. ಚಳಿಗಾಲದಲ್ಲಿ ತೀರ್ಕೊಂಡ್ರು. ಅದಕ್ಕೇ ನಾನು ಕೂತಿದೀನಿ."

ಅವನ ಕೈ ಪರದೆಯಿಂದ ಕೆಳಗಿಳಿಯಿತು. ಹನ್ನೆರಡು ವರ್ಷ ಆ ಮನುಷ್ಯನ ಪಿಸುದನಿಯನ್ನೇ ನಂಬಿ ರಂಗದ ಮೇಲೆ ನಿಂತಿದ್ದವನು ಅವನು. ಬೇರೆ ಊರಿನ ಪ್ರದರ್ಶನಗಳಲ್ಲಿದ್ದಾಗ ಸಾವಿನ ಸುದ್ದಿ ತಲುಪಿತ್ತು, ಬರಲು ಆಗಿರಲಿಲ್ಲ.

"ನೀವು... ಅವರ ಮಗಳಾ?"

ಅವಳು ಪ್ರತಿಯ ಹಾಳೆ ತಿರುವಿದಳು. ಅವನು ಪರದೆಯನ್ನು ಮೆಲ್ಲಗೆ, ಮೊದಲಿದ್ದಂತೆಯೇ, ಎಳೆದು ಹೋದ.

ಅವನನ್ನು ಇಡೀ ತಂಡ 'ದೊರೆ' ಎಂದೇ ಕರೆಯುತ್ತಿತ್ತು. ಇಪ್ಪತ್ತು ವರ್ಷದಿಂದ ರಾಜನ ಪಾತ್ರ ಬಿಟ್ಟು ಬೇರೆ ಮಾಡಿದವನಲ್ಲ. ನಲವತ್ತೆರಡು ತುಂಬಿದರೂ ಮದುವೆಯ ಗೋಜಿಗೆ ಹೋದವನೂ ಅಲ್ಲ.

ಇನ್ನು ಆ ಊರು. ಹಡಗುಕಟ್ಟೆಯ ಸುತ್ತ ಬೆಳೆದ ಹಳೆಯ ಪಟ್ಟಣ. ಪ್ರತಿ ಬೇಸಿಗೆಯಲ್ಲೂ ಮೂರು ವಾರ ಅಲ್ಲಿ ಕಲೆಯ ಉತ್ಸವ. ಹಳೇ ಸುಂಕದ ಕಟ್ಟೆಯ ಅಂಗಳದಲ್ಲಿ ನೃತ್ಯ, ಕೋಟೆಯ ಮೆಟ್ಟಿಲ ಮೇಲೆ ಸಂಗೀತ, ದಡದ ಕಲ್ಲಿನ ಗೋದಾಮಿನಲ್ಲಿ ನಾಟಕ. ಒಂದು ಕಾಲಕ್ಕೆ ಉಪ್ಪು ತುಂಬಿಡುತ್ತಿದ್ದ ಗೋದಾಮು ಅದು. ಇಂದಿಗೂ ಗೋಡೆಗಳು ಉಪ್ಪು ಉಗುಳುತ್ತಿದ್ದವು. ದಿನಾ ಬೆಳಿಗ್ಗೆ ಯಾರಾದರೂ ಪೊರಕೆ ಹಿಡಿದು ಆ ಬಿಳಿ ಪುಡಿಯನ್ನು ಗುಡಿಸಲೇಬೇಕಿತ್ತು. ಸಂಜೆ ಐದಕ್ಕೆ ಆಚೆ ದಡಕ್ಕೆ ಹೊರಡುವ ದೋಣಿ ಭೋಂ ಎಂದು ಕೂಗು ಹಾಕಿದರೆ ಒಳಗಿದ್ದ ನಟರೆಲ್ಲ ಮಾತು ನಿಲ್ಲಿಸಿ ಕಾಯುತ್ತಿದ್ದರು. ದೋಣಿಗಿಂತ ಜೋರಾಗಿ ಕೂಗುವ ನಟ ಇನ್ನೂ ಹುಟ್ಟಿಲ್ಲವೆಂದು ನಿರ್ದೇಶಕರಾದ ಮೇಷ್ಟ್ರು ನಗಾಡುತ್ತಿದ್ದರು.

ಅವಳು ಹುಟ್ಟಿ ಬೆಳೆದದ್ದು ಅದೇ ಊರಿನಲ್ಲಿ. ದುಡಿದದ್ದು ಬೇರೆಡೆ, ಒಂದು ಅಚ್ಚುಕೂಟದಲ್ಲಿ, ಕರಡು ತಿದ್ದುವ ಕೆಲಸ. ಅಪ್ಪ ಹೋದ ಮೇಲೆ ಬಂದವಳು ಆ ಸ್ಟೂಲನ್ನು ನೋಡಿ ವಾಪಸ್ ಹೋಗಲಾರದೆ ಉಳಿದುಬಿಟ್ಟಿದ್ದಳು. ಅಪ್ಪನಿಂದ ಅವಳಿಗೆ ಉಳಿದದ್ದು ಅದೊಂದೇ.

ಮರುದಿನ ಮಧ್ಯಾಹ್ನ ದೊರೆ ತಾಲೀಮಿಗೆ ಒಂದು ಗಂಟೆ ಮುಂಚೆಯೇ ಬಂದ. ಕೈಯಲ್ಲಿ ಅವನ ಪ್ರತಿ, ಒಂದು ಕೆಂಪು ಪೆನ್ಸಿಲ್, ಒಂದು ಲೋಟ ಚಹಾ.

"ಕ್ಷಮೆ ಕೇಳೋಕೆ ನನಗೆ ಬರಲ್ಲ," ಎಂದ. "ಅದಕ್ಕೇ ಪೆನ್ಸಿಲ್ ತಂದಿದೀನಿ."

"ಕ್ಷಮೆಗೆ ಪೆನ್ಸಿಲ್ ಯಾಕೆ?"

"ನನ್ನ ಮೌನ ಎಲ್ಲೆಲ್ಲಿದೆ ಅಂತ ಗುರುತು ಹಾಕಿಕೊಡ್ತೀನಿ. ಒಟ್ಟು ಹದಿನೇಳು. ಹನ್ನೊಂದನೇದು ದೊಡ್ಡದು, ಮಗ ಸತ್ತ ಸುದ್ದಿ ಬರುತ್ತಲ್ಲ, ಅದು. ಮನಸ್ಸಲ್ಲಿ ಒಂಬತ್ತು ಎಣಿಸಿ."

ಅವಳಿಗೆ ನಗು ಬಂತು. "ಮೌನಾನೂ ಎಣಿಸಿ ಇಡ್ತೀರಾ?"

"ನಟನ ಮನೆ ಆಸ್ತಿ ಅದೊಂದೇ ಕಣ್ರೀ. ಮಾತೆಲ್ಲ ನಾಟಕ ಬರೆದವನದು."

ಹೀಗೆ ಶುರುವಾದ ಮಾತು ಒಂದು ಒಪ್ಪಂದಕ್ಕೆ ಬಂತು. ಅವನ ಎಡಗೈಯಲ್ಲಿ ದೊರೆಯ ವೇಷದ ದೊಡ್ಡ ಉಂಗುರವಿತ್ತು, ಗಾಜಿನ ಹಸಿರು ಕಲ್ಲಿನದು.

"ನಿಜವಾಗ್ಲೂ ಮರೆತರೆ ಈ ಉಂಗುರ ತಿರುಗಿಸ್ತೀನಿ. ಆಗ ಮಾತು ಎತ್ತಿಕೊಡಿ. ತಿರುಗಿಸದೆ ಬಾಯಿ ಬಿಡಬಾರದು. ಆಕಾಶ ಕಳಚಿ ಬಿದ್ರೂ ಸರಿ."

"ಆಕಾಶ ಕಳಚಿ ಬಿದ್ರೂ ಸರಿ."

"ಭಾಷೆ?"

"ಭಾಷೆ."

ಉತ್ಸವಕ್ಕೆ ಮುಂಚಿನ ಮೂರು ವಾರದ ತಾಲೀಮಿನಲ್ಲಿ ಅವಳ ಮನಸ್ಸಿಗೆ ಏನಾಯಿತು ಎಂದು ಬಿಡಿಸಿ ಹೇಳಬೇಕೆ? ಕತ್ತಲೆಯ ಮೂಲೆಯಲ್ಲಿ ಕೂತು ಒಬ್ಬನ ತುಟಿಯನ್ನೇ ದಿನಕ್ಕೆ ಆರು ಗಂಟೆ ನೋಡುವ ಕೆಲಸ. ಕಣ್ಣು ನೋಡುತ್ತಾ ಹೋದರೆ ಮನಸ್ಸು ಸುಮ್ಮನಿರುತ್ತದೆಯೇ?

ಅವನು ದಿನಾ ಚಹಾ ತಂದು ಸ್ಟೂಲಿನ ಎಡಕ್ಕೆ ಇಡುತ್ತಿದ್ದ. ಕೆಲವೊಮ್ಮೆ ಹತ್ತು ನಿಮಿಷದಲ್ಲಿ ಎರಡನೇ ಲೋಟವೂ ಬರುತ್ತಿತ್ತು. *ಎಷ್ಟು ಅಕ್ಕರೆ!* ಎಂದುಕೊಂಡು ಅವಳು ಎರಡನ್ನೂ ಕುಡಿಯುತ್ತಿದ್ದಳು.

ತಾಲೀಮು ಮುಗಿದ ಮೇಲೆ ಅವಳ ಬೀದಿಯ ತಿರುವಿನವರೆಗೆ ಬಿಡಲು ಬರುತ್ತಿದ್ದ. ಒಂದು ಸಂಜೆ ಅವಳು ಮಹಡಿಯ ಕಿಟಕಿಯಿಂದ ಇಣುಕಿದಾಗ, ಅರ್ಧ ಗಂಟೆಯಾದರೂ ಅವನು ಅಲ್ಲೇ ನಿಂತಿದ್ದ. ಆ ಕಡೆ ನೋಡುತ್ತಾ, ಈ ಕಡೆ ನೋಡುತ್ತಾ. *ಹೋಗೋಕೆ ಮನಸ್ಸಿಲ್ಲ ಪಾಪ...* ಅವಳ ಕೆನ್ನೆ ಬಿಸಿಯಾಯಿತು. ಕಿಟಕಿಯ ಪರದೆಯ ಹಿಂದೆ ಅಡಗಿ ನಿಂತು ನಕ್ಕಳು.

ಪೆದ್ದಿ! ಆದರೆ ಅವಳ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ಒಂದು ದಿನ ಮಾತ್ರ ಅವನು ಇದ್ದಕ್ಕಿದ್ದಂತೆ, "ನಿಮ್ಮಪ್ಪ ಹೇಗಿದಾರೆ?" ಎಂದ. ಅವಳು ದಂಗಾಗಿ ನೋಡಿದಳು. ಅವನ ಮುಖ ಬಿಳಿಚಿಕೊಂಡಿತು. "ಏನೋ ಯೋಚನೆಲಿದ್ದೆ... ತಪ್ಪು ತಿಳ್ಕೋಬೇಡ," ಎಂದವನು ಎರಡು ದಿನ ಅವಳ ಕಣ್ಣು ತಪ್ಪಿಸಿಯೇ ಓಡಾಡಿದ. ಅವನು 'ನೀವು' ಬಿಟ್ಟು 'ನೀನು' ಎಂದದ್ದು ಅದೇ ಮೊದಲು. ಅವಳು ಅದನ್ನಷ್ಟೇ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟುಬಿಟ್ಟಳು.

ಉತ್ಸವ ಶುರುವಾಯಿತು. ಅವರ ನಾಟಕಕ್ಕೆ ನಾಲ್ಕು ಪ್ರದರ್ಶನ, ಎಲ್ಲವೂ ಸಂಜೆ ನಾಲ್ಕಕ್ಕೆ. ಮೊದಲ ದಿನ ಗೋದಾಮು ತುಂಬಿ ಬಾಗಿಲ ಹೊರಗೂ ಜನ ನಿಂತರು. ಒಳಗೆ ಸೆಕೆ. ಟಿಕೆಟ್ಟಿನಲ್ಲೇ ಗಾಳಿ ಬೀಸಿಕೊಳ್ಳುವ ಸದ್ದು.

ಹತ್ತು ಮೌನಗಳು ದಾಟಿದವು. ಹನ್ನೊಂದನೆಯದು ಬಂತು.

ದೂತ ಬಂದು ಮಗ ಸತ್ತನೆಂದ. ದೊರೆ ಸಿಂಹಾಸನದಿಂದ ಎದ್ದ. ನಿಂತ.

ಅವಳು ಎಣಿಸಿದಳು. ಏಳು... ಎಂಟು... ಒಂಬತ್ತು.

ಅವನು ಮಾತಾಡಲಿಲ್ಲ.

*ಇವತ್ತು ಇನ್ನೂ ಉದ್ದ ಎಳೀತಿದಾರೆ. ಎಂಥಾ ನಟ!*

ಹದಿನೈದು. ಇಪ್ಪತ್ತು. ಅವಳ ಕಣ್ಣು ಅವನ ಎಡಗೈಗೆ ಅಂಟಿಕೊಂಡಿತು. ಬೆರಳುಗಳು ಅಲುಗಾಡುತ್ತಿದ್ದವು. ಒಮ್ಮೆ ಮುಷ್ಟಿ ಕಟ್ಟಿತು, ಒಮ್ಮೆ ಬಿಚ್ಚಿತು, ಒಮ್ಮೆ ಎದೆಯ ಮೇಲೆ ಹೋಯಿತು. ಉಂಗುರ ಮಾತ್ರ ತಿರುಗಲಿಲ್ಲ.

*ತಿರುಗಿಸಿ... ಮರೆತಿದ್ರೆ ತಿರುಗಿಸಿ ದೊರೆ!*

ನಲವತ್ತು. ಯಾರೋ ಕೆಮ್ಮಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳ ನಾಲಿಗೆಯ ತುದಿಯಲ್ಲಿ ಆ ಮಾತು ಕುಣಿಯುತ್ತಿತ್ತು. ಕೊಟ್ಟ ಭಾಷೆಗೆ ತುಟಿ ಕಚ್ಚಿ ಕೂತಳು. ಅಷ್ಟರಲ್ಲಿ ದೋಣಿ ಭೋಂ ಎಂದಿತು. ಕೂಗು ನಿಂತ ಮೇಲೂ ಅವನು ಹಾಗೆಯೇ ನಿಂತಿದ್ದ. ಯಾರೋ ಶಿಳ್ಳೆ ಹಾಕಿದರು.

ಮೇಷ್ಟ್ರು ಪರದೆ ಇಳಿಸಿದರು.

"ಯಾಕಮ್ಮಾ ಮಾತು ಕೊಡಲಿಲ್ಲ?" ಮೇಷ್ಟ್ರು ಸೈಡ್ ವಿಂಗಿಗೆ ಓಡಿಬಂದರು. "ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಉಂಗುರ ತಿರುಗಿಸಲಿಲ್ಲ ಮೇಷ್ಟ್ರೇ! ಮರೆತರೆ ಉಂಗುರ ತಿರುಗಿಸ್ತೀನಿ ಅಂದಿದ್ರು. ಅವರನ್ನೇ ಕೇಳಿ!"

ಮೇಷ್ಟ್ರು ತಿರುಗಿದರು. "ಏನಯ್ಯಾ?"

ದೊರೆ ತನ್ನ ಎಡಗೈಯನ್ನು ನೋಡಿಕೊಂಡ. ಯಾರದೋ ಕೈ ನೋಡುವ ಹಾಗೆ ನೋಡಿದ. ಆಮೇಲೆ ತಲೆ ಎತ್ತದೆ ಹೇಳಿದ.

"ತಿರುಗಿಸಿದೆ. ಆಕೆ ಮಾತು ಕೊಡಲಿಲ್ಲ."

ಅವಳು ಸ್ಟೂಲಿನಿಂದ ಎದ್ದು ನಿಂತಳು.

"ಸುಳ್ಳು..." ಎಂದಳು. "ನನ್ನ ಮುಖ ನೋಡಿ ಹೇಳಿ."

ಅವನು ನೋಡಲಿಲ್ಲ. "ನಾಳೆಯಿಂದ ಆಕೆ ಬೇಡ ಮೇಷ್ಟ್ರೇ. ಕಿವಿಗೆ ಯಂತ್ರ ಹಾಕಿ. ಸೌಂಡಿನವರೇ ಮಾತು ಕೊಡಲಿ."

ಮೂವತ್ತಾರು ವರ್ಷ ಅಪ್ಪ ಕೂತಿದ್ದ ಸ್ಟೂಲು. ಒಂದೇ ಸಂಜೆಯಲ್ಲಿ ಕೈಬಿಟ್ಟು ಹೋಯಿತು. ಅವಳು ಕನ್ನಡಕ ತೆಗೆದು ಒರೆಸಿಕೊಂಡು, ಯಾರಿಗೂ ಏನೂ ಹೇಳದೆ, ಬಿಸಿಲು ಇನ್ನೂ ಇಳಿಯದ ಬೀದಿಯಲ್ಲಿ ಒಬ್ಬಳೇ ನಡೆದು ಹೋದಳು. ಪ್ರತಿ ಗೋಡೆಯ ಮೇಲೂ ಕಿರೀಟ ಹೊತ್ತ ಅವನ ಚಿತ್ರವಿತ್ತು.

ಎರಡು ದಿನ ಅವಳು ಕೋಣೆಯ ಬಾಗಿಲು ತೆರೆಯಲಿಲ್ಲ. *ಪ್ರೀತಿ ಅಂದುಕೊಂಡೆನಲ್ಲ... ಚಹಾ ತಂದುಕೊಟ್ಟ ಮಾತ್ರಕ್ಕೆ!* ತನ್ನ ಮೇಲೆ ತನಗೇ ಹೇಸಿಗೆ ಹುಟ್ಟಿತು. ಮೂರನೇ ದಿನ ಬಾಗಿಲು ದಬದಬ ಬಡಿಯಿತು.

ಬಂದವರು ಬಣ್ಣದಮ್ಮ. ಮೂರು ತಲೆಮಾರಿನ ನಟರ ಮುಖಕ್ಕೆ ಬಣ್ಣ ಬಳಿದ ಹೆಂಗಸು, ವೇಷಭೂಷಣವೂ ಅವರದೇ. ಕಂಕುಳಲ್ಲಿ ದೊಡ್ಡ ಬಟ್ಟೆಯ ಗಂಟು.

"ಅಳೋಕೆ ಕೈ ಬೇಕಾಗಲ್ಲ ಅಲ್ವಾ?" ಎಂದರು ಒಳಗೆ ಬರುತ್ತಲೇ. "ಹಾಗಾದ್ರೆ ಕೈ ನನಗೆ ಕೊಡು. ವೇಷಗಳ ಒಳಪದರ ಎಲ್ಲ ಹರಿದಿದೆ. ನನಗೆ ಸೂಜಿಯ ಕಣ್ಣು ಕಾಣಲ್ಲ."

"ನಾಟಕ ಹೇಗಾಗ್ತಿದೆ?" ಕೇಳಬಾರದೆಂದುಕೊಂಡದ್ದೇ ಬಾಯಿಂದ ಬಂತು.

"ಏನು ಹೇಳ್ಲಿ... ಎರಡನೇ ಪ್ರದರ್ಶನದಲ್ಲಿ ಆ ಕಿವಿಯಂತ್ರ ಹಾಳಾದ್ದು, ಮೀನು ದೋಣಿಯವರ ವೈರ್‌ಲೆಸ್ಸು ಹಿಡಿದುಬಿಡ್ತು. ದೊರೆ ಕಿವೀಲಿ ಯಾರೋ 'ಬಲೆ ಎಳಿ, ಬಲೆ ಎಳಿ' ಅಂತಿದ್ರಂತೆ. ನಿನ್ನೆ ಮೂರನೇದರಲ್ಲಿ ಯಂತ್ರ ಕಿತ್ತು ಬಿಸಾಕಿ ಇಡೀ ಒಂದು ದೃಶ್ಯ ನುಂಗಿದ. ಪತ್ರಿಕೆಯವರು ನೀರಿಳಿಸಿದಾರೆ. ಇನ್ನು ನಾಳೆದೊಂದು ಉಳಿದಿದೆ."

ಅವಳು ದೊರೆಯ ನಿಲುವಂಗಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಎಡತೋಳಿನ ಒಳಪದರ ಹೊಲಿಗೆ ಬಿಟ್ಟಿತ್ತು. ತಿರುವಿ ನೋಡಿದಳು.

ಅಲ್ಲಿ ಅಕ್ಷರಗಳಿದ್ದವು. ಶಾಯಿಯಲ್ಲಿ ಬರೆದ ಪುಟ್ಟ ಪುಟ್ಟ ಸಾಲುಗಳು. ಬೆವರಿಗೆ ಕಲಸಿಹೋಗಿದ್ದವು, ಕೆಲವನ್ನು ಮತ್ತೆ ಮತ್ತೆ ತಿದ್ದಿ ಬರೆದಿತ್ತು.

*ನೀನು ದೊರೆ.*

*ನಿನಗೆ ಒಬ್ಬನೇ ಮಗ. ಅವನು ಸತ್ತಿದ್ದಾನೆ.*

*ಎಡಗೈ ಉಂಗುರ ತಿರುಗಿಸು. ಅವಳು ಮಾತು ಕೊಡುತ್ತಾಳೆ.*

ಈ ಮೂರನೇ ಸಾಲನ್ನು ಹೊಡೆದು ಹಾಕಿತ್ತು. ಅದರ ಕೆಳಗೆ ಇನ್ನೂ ಚಿಕ್ಕದಾಗಿ ಬರೆದಿತ್ತು:

*ಅವಳಿಲ್ಲ. ನೀನೇ ಕಳಿಸಿದೆ.*

ಹತ್ತು ವರ್ಷ ಕರಡು ತಿದ್ದಿದವಳು ಅವಳು. ಬರೆದದ್ದು ಯಾವಾಗ, ಹೊಡೆದದ್ದು ಯಾವಾಗ, ಕೈ ಎಲ್ಲಿ ನಡುಗಿತು, ಎಲ್ಲ ಅವಳ ಕಣ್ಣಿಗೆ ಕಾಣುತ್ತಿತ್ತು. ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿದರೂ ಗೊತ್ತಾಗಲಿಲ್ಲ.

"ಬಣ್ಣದಮ್ಮಾ... ಇದೇನು?"

ಬಣ್ಣದಮ್ಮ ಕಣ್ಣು ಮುಚ್ಚಿ ಕೂತರು. "ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿಸ್ಕೊಂಡಿದ್ದ. ಸೂಜಿಗೆ ದಾರ ಪೋಣಿಸೋಕೆ ನನಗಿನ್ನೂ ಬರುತ್ತೆ ಕಣೇ. ನೀನೇ ನೋಡ್ಲಿ ಅಂತ ತಂದೆ."

"ಏನಾಗಿದೆ ಅವರಿಗೆ?"

"ಅವರಮ್ಮನಿಗೆ ಏನಾಗಿತ್ತೋ ಅದೇ. ಮರೆವಿನ ಕಾಯಿಲೆ. ಆಕೆಗೂ ನಲವತ್ತು ದಾಟಿದ ಮೇಲೇ ಶುರುವಾಗಿದ್ದು. ಡಾಕ್ಟ್ರು ಕೈಚೆಲ್ಲಿದಾರೆ. ಇದೇ ಕೊನೇ ನಾಟಕ. ಆಚೆ ದಡದಲ್ಲಿ ಅವನ ಅಕ್ಕ ಇದಾಳೆ, ನಾಡಿದ್ದು ಬಂದು ಕರ್ಕೊಂಡು ಹೋಗ್ತಾಳೆ."

ಎರಡನೇ ಲೋಟ ಚಹಾ. ಬೀದಿಯ ತಿರುವಿನಲ್ಲಿ ಅರ್ಧ ಗಂಟೆ ನಿಂತದ್ದು. ನಿಮ್ಮಪ್ಪ ಹೇಗಿದಾರೆ. ಒಂದೊಂದೇ ಬಂದು ಅವಳ ಎದೆಗೆ ಗುದ್ದಿದವು. ಅಕ್ಕರೆ ಎಂದುಕೊಂಡದ್ದೆಲ್ಲ ಕಾಯಿಲೆಯಾಗಿತ್ತು. ದಾರಿ ಗೊತ್ತಾಗದೆ ನಿಂತವನನ್ನು ನೋಡಿ ಕಿಟಕಿಯ ಹಿಂದೆ ನಕ್ಕಿದ್ದಳಲ್ಲ... ಅಯ್ಯೋ!

"ಹಾಗಾದ್ರೆ ಅವತ್ತು... ಉಂಗುರ?"

"ಅದೇ ಮರೆತಿತ್ತು ಕಣೇ. ಏನೋ ಒಂದು ಮಾಡಿದ್ರೆ ನೀನು ಮಾತು ಕೊಡ್ತೀಯ ಅಂತ ಗೊತ್ತಿತ್ತಂತೆ. ಆ 'ಏನೋ' ಯಾವುದು ಅಂತ ಹೊಳೀಲೇ ಇಲ್ಲ. ಪರದೆ ಇಳಿದ ಮೇಲೆ ಹೊಳೆದಿದ್ದು. ಗ್ರೀನ್ ರೂಮಿಗೆ ಬಂದವನೇ ತೋಳಲ್ಲಿ ಬರ್ಕೊಂಡ. ನಿನ್ನನ್ನ ಕಳಿಸಿಬಿಟ್ಟಿದೀನಿ ಅನ್ನೋದನ್ನೂ ಮರೆತು ಬರ್ಕೊಂಡಿದ್ದ. ನಾನು ನೆನಪು ಮಾಡಿದೆ. ಆಗ ಹೊಡೆದು ಹಾಕಿದ."

ಅವಳು ಬಹಳ ಹೊತ್ತು ಆ ತೋಳನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ಗಟ್ಟಿಯಾಗಿ ಹೇಳಿದಳು.

"ಮರೆತದ್ದು ಕಾಯಿಲೆ, ಸರಿ. ನನ್ನ ಮೇಲೆ ಹಾಕಿದ್ದು ಕಾಯಿಲೆಯಲ್ಲ."

"ಅಲ್ಲ," ಎಂದರು ಬಣ್ಣದಮ್ಮ. "ಅದು ಹೆದರಿಕೆ. ಅದನ್ನ ಅವನ ಮುಖದ ಮೇಲೇ ಕೇಳು."

ಮರುದಿನ ಮಧ್ಯಾಹ್ನ ಎರಡು ಗಂಟೆ. ಗ್ರೀನ್ ರೂಮಿನಲ್ಲಿ ಕನ್ನಡಿಯ ಮುಂದೆ ದೊರೆ ಒಬ್ಬನೇ ಕೂತಿದ್ದ. ಮುಖಕ್ಕೆ ಅರ್ಧ ಬಣ್ಣ. ಕನ್ನಡಿಯಲ್ಲಿ ಅವಳನ್ನು ಕಂಡು ಎದ್ದು ನಿಂತ.

"ನೀನು ಯಾಕೆ ಬಂದೆ?"

ಅವಳು ನಿಲುವಂಗಿಯ ತೋಳನ್ನು ತಿರುವಿ ಅವನ ಮುಂದೆ ಹಿಡಿದಳು. ಅವನು ನೋಡಿದ. ಕುರ್ಚಿಯಲ್ಲಿ ಕುಸಿದು ಕೂತ.

"ನಿನಗೆ ಗೊತ್ತಾಗಬಾರದಿತ್ತು."

"ಯಾಕೆ?"

"ನಮ್ಮಮ್ಮ ಕೊನೆಗೆ ನನ್ನನ್ನ ಹಾಲಿನವನು ಅಂದ್ಕೊಂಡಿದ್ಲು," ಎಂದ ಅವನು. "ದಿನಾ ಬೆಳಿಗ್ಗೆ ನನ್ನ ಕೈಗೆ ಖಾಲಿ ಪಾತ್ರೆ ಕೊಡ್ತಿದ್ಲು. 'ನೀರು ಬೆರೆಸಬೇಡಪ್ಪ' ಅಂತಿದ್ಲು. ನಾಲ್ಕು ವರ್ಷ. ನಾನು ಪಾತ್ರೆ ಇಸ್ಕೊಂಡು, ಹಾಲು ಹಾಕಿ, ಬಾಗಿಲಲ್ಲಿ ನಿಂತು ಕೊಡ್ತಿದ್ದೆ. ಒಂದಿನ ನಿನ್ನನ್ನೂ ನಾನು ಹಾಗೇ ನೋಡ್ತೀನಿ. ಬಾಗಿಲಲ್ಲಿ ನಿಂತವಳು ಯಾರು ಅಂತ ಗೊತ್ತಾಗಲ್ಲ. ಅದು ನಿನಗೆ ಬೇಡ. ನನ್ನ ಮೇಲೆ ಸಿಟ್ಟಾಗಿ ಹೋಗಿಬಿಟ್ರೆ ಒಳ್ಳೇದು ಅನ್ನಿಸ್ತು."

"ನನ್ನ ಒಳ್ಳೇದಕ್ಕಾ?" ಅವಳ ಕಣ್ಣು ಉರಿಯಿತು. "ನಮ್ಮಪ್ಪನ ಜಾಗದಿಂದ, ಅಷ್ಟು ಜನರ ಮುಂದೆ, ಕೆಲಸ ಬಾರದವಳು ಅನ್ನಿಸಿ ಕಳಿಸಿದ್ದು ನನ್ನ ಒಳ್ಳೇದಕ್ಕಾ? ಸುಳ್ಳು ಹೇಳಬೇಡಿ. ಮೊದಲು ತಪ್ಪು ಒಪ್ಕೊಳ್ಳಿ. ಉಳಿದಿದ್ದೆಲ್ಲ ಆಮೇಲೆ."

ಅವನು ನಿಲುವಂಗಿಯನ್ನು ಅವಳ ಕೈಯಿಂದ ತೆಗೆದುಕೊಂಡು ಮಡಿಸಿಟ್ಟ.

"ಹೆದರಿದೆ," ಎಂದ ಕೊನೆಗೆ. "ಮರೆತೆ ಅಂದ್ರೆ ಯಾಕೆ ಮರೆತೆ ಅಂತ ಕೇಳ್ತಾರಲ್ಲ... ಅದಕ್ಕೆ ನಿನ್ನನ್ನ ಮುಂದೆ ತಳ್ಳಿದೆ. ತಪ್ಪಾಯ್ತು. ನಿಜವಾಗ್ಲೂ ತಪ್ಪಾಯ್ತು ಕಣೇ."

"ನನಗಲ್ಲ. ಮೇಷ್ಟ್ರಿಗೆ ಹೇಳಿ."

ಅವನು ಎದ್ದ. ಅರ್ಧ ಬಣ್ಣದ ಮುಖದಲ್ಲೇ ಹೊರಗೆ ಬಂದು, ಇಡೀ ತಂಡ ಇದ್ದ ಕಡೆ, ಎಲ್ಲವನ್ನೂ ಹೇಳಿದ. ಕಾಯಿಲೆಯನ್ನೂ ಹೇಳಿದ, ಸುಳ್ಳನ್ನೂ ಹೇಳಿದ. ಮೇಷ್ಟ್ರು ರಂಗದ ಮೆಟ್ಟಿಲ ಮೇಲೆ ಕೂತುಬಿಟ್ಟರು. 

"ನಿಲ್ಲಿಸೋಣ ಕಣಯ್ಯಾ," ಎಂದರು ಮೇಷ್ಟ್ರು.  "ಇವತ್ತಿನ ಪ್ರದರ್ಶನ ಬೇಡ."

"ಬೇಡ ಅನ್ಬೇಡಿ ಮೇಷ್ಟ್ರೇ. ಇದೊಂದು ಮಾಡಿ ಹೋಗ್ತೀನಿ. ಮಾತು ಮರೆತು ನಿಂತವನು ಅಂತ ಈ ಊರು ನನ್ನನ್ನ ನೆನಪಿಟ್ಕೋಬಾರದು. ನನಗಂತೂ ನೆನಪಿರಲ್ಲ. ಇವರಿಗಾದ್ರೂ ಸರಿಯಾಗಿರಲಿ."

"ವಿಂಗಿನಿಂದ ಎಷ್ಟು ಅಂತ ಮಾತು ಕೊಡ್ತಾಳಯ್ಯಾ ಅವಳು? ನೀನು ರಂಗದ ತುದೀಲಿರ್ತೀಯ. ಕೇಳಿಸೋದೇ ಇಲ್ಲ."

ಅವಳ ಕಣ್ಣು ಸಿಂಹಾಸನದ ಪಕ್ಕ ಒರಗಿಸಿಟ್ಟಿದ್ದ ದೊಡ್ಡ ಬೀಸಣಿಗೆಯ ಮೇಲೆ ಬಿತ್ತು. ದೊರೆಯ ಹಿಂದೆ ನಿಂತು ಗಾಳಿ ಬೀಸುವ ದಾಸಿಯದು ಅದು. ಆ ಪಾತ್ರಕ್ಕೆ ಮಾತಿಲ್ಲ, ಮುಖವೂ ಕಾಣುವುದಿಲ್ಲ. ದೊರೆ ಎಲ್ಲಿಗೆ ಹೋದರೂ ಎರಡು ಹೆಜ್ಜೆ ಹಿಂದೆ ಹೋಗುವವಳು.

"ಬೀಸಣಿಗೆ ನನಗೆ ಕೊಡಿ," ಎಂದಳು.

"ಪ್ರತಿ ಹಿಡ್ಕೊಂಡು ರಂಗಕ್ಕೆ ಹೋಗೋಕಾಗುತ್ತಾ?"

"ಪ್ರತಿ ಬೇಡ ಮೇಷ್ಟ್ರೇ. ಅವರ ಮಾತೆಲ್ಲ ನನಗೆ ಬಾಯಿಗೆ ಬಂದಿದೆ."

ಪ್ರಾಂಪ್ಟರ್ ಆದವನು ಜನರ ಕಣ್ಣಿಗೆ ಬೀಳಬಾರದೆಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ಅಪ್ಪನ ಮಾತನ್ನು ಅವಳು ಮೊದಲ ಸಲ ಮೀರಿದಳು. ಬಣ್ಣದಮ್ಮ ಅವಳ ಕನ್ನಡಕ ತೆಗೆದಿಟ್ಟು, ದಾಸಿಯ ಸೀರೆ ಸುತ್ತಿ ಸೆರಗನ್ನು ಹಣೆಯವರೆಗೆ ಎಳೆದರು. ಕನ್ನಡಕವಿಲ್ಲದೆ ಅವಳಿಗೆ ಜನರು ಕಾಣಲಿಲ್ಲ. ಸ್ಪಷ್ಟವಾಗಿ ಕಂಡದ್ದು ಅವನ ಬೆನ್ನು ಮಾತ್ರ.

ಪರದೆ ಎದ್ದಿತು.

ಮೊದಲ ದೃಶ್ಯದಲ್ಲೇ ಎರಡು ಸಲ ತಪ್ಪಿದ. ಬೀಸಣಿಗೆಯ ಹಿಂದಿನಿಂದ ಅವಳು ಮೊದಲ ಪದವನ್ನು ಗಾಳಿಯ ಜೊತೆಗೇ ಕಳಿಸಿದಳು. ಅವನು ಹಿಡಿದುಕೊಂಡ. ಆಮೇಲೆ ಒಂದು ಲಯ ಕೂಡಿಬಂತು. ಅವನು ಉಸಿರೆಳೆದರೆ ಅವಳೂ ಉಸಿರೆಳೆಯುತ್ತಿದ್ದಳು. ಮರೆತಾಗ ಅವನ ಹೆಗಲು ಮೇಲಕ್ಕೇರಿ ಕುತ್ತಿಗೆಗೆ ತಾಗುತ್ತಿತ್ತು. ಕತ್ತಲೆಯಲ್ಲಿ ಕೂತು ತುಟಿ ನೋಡುತ್ತಿದ್ದಾಗ ಇದು ಅವಳಿಗೆ ಗೊತ್ತೇ ಆಗಿರಲಿಲ್ಲ. ಉಂಗುರ ಏಕೆ ಬೇಕಿತ್ತು? ಹೆಗಲು ಎಲ್ಲವನ್ನೂ ಹೇಳುತ್ತಿತ್ತು.

ಹನ್ನೊಂದನೇ ಮೌನ ಬಂತು.

ದೂತ ಹೇಳಿದ. ದೊರೆ ಎದ್ದು ನಿಂತ. ಏಳು... ಎಂಟು... ಒಂಬತ್ತು.

ಅವನು ಮಾತಾಡಲಿಲ್ಲ.

ವಿಂಗಿನಲ್ಲಿ ಮೇಷ್ಟ್ರು ಕೈ ಬೀಸುತ್ತಿದ್ದದ್ದು ಮಸುಕಾಗಿ ಕಂಡಿತು, *ಕೊಡು, ಮಾತು ಕೊಡು!*  ಕೊಟ್ಟರೆ ಅವನ ಅತಿ ದೊಡ್ಡ ಮೌನವನ್ನು ಕೊಂದಂತೆ. ಕೊಡದಿದ್ದರೆ, ಅವನು ಮರೆತೇ ಇದ್ದರೆ, ಅವನ ಕಥೆ ಇಲ್ಲಿಗೇ ಮುಗಿದಂತೆ. ಹದಿನೈದು. ಇಪ್ಪತ್ತು.

ಅವಳು ಅವನ ಹೆಗಲನ್ನು ನೋಡಿದಳು.

ಹೆಗಲು ಇಳಿದಿತ್ತು. ಮಗನನ್ನು ಕಳೆದುಕೊಂಡ ಮನುಷ್ಯನ ಹೆಗಲಿನಂತೆ ಇಳಿದುಬಿಟ್ಟಿತ್ತು.

ಅವಳು ಬಾಯಿ ಮುಚ್ಚಿದಳು. ಬೀಸಣಿಗೆಯನ್ನೂ ನಿಲ್ಲಿಸಿದಳು.

ಗೋದಾಮಿನಲ್ಲಿ ಟಿಕೆಟ್ಟು ಬೀಸಿಕೊಳ್ಳುವ ಸದ್ದೂ ನಿಂತುಹೋಯಿತು. ದೋಣಿ ಭೋಂ ಎಂದು ಉದ್ದಕ್ಕೆ ಕೂಗಿತು. ಅದರ ಕೊನೆಯ ದನಿ ಸಮುದ್ರದಲ್ಲಿ ಕರಗಿದ ಮೇಲೆ ದೊರೆ ಬಾಯಿ ತೆರೆದ. ಒಂದಕ್ಷರವೂ ತಪ್ಪಿಲ್ಲದ ಮಾತು.

"ಅವನ ಚಪ್ಪಲಿ ಬಾಗಿಲಲ್ಲೇ ಇರಲಿ. ಯಾರೂ ತೆಗೆಯಬೇಡಿ."

ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಬೀಸಣಿಗೆಯ ಹಿಂದೆ ಅವಳ ಕೆನ್ನೆ ತೊಯ್ದುಹೋಗಿತ್ತು.

ಕೊನೆಯ ದೃಶ್ಯಕ್ಕೆ ಅವನು ಪೂರ್ತಿ ಬರಿದಾಗಿದ್ದ. ದಣಿವಿಗೋ, ಕಾಯಿಲೆಗೋ, ಒಂದು ಸಾಲೂ ಉಳಿದಿರಲಿಲ್ಲ. ಅವಳು ಪದ ಪದವಾಗಿ ಎತ್ತಿಕೊಟ್ಟಳು. ಅವನು ಪದ ಪದವಾಗಿ ಹೇಳಿದ. ಮುದಿ ದೊರೆ ಮಾತಿಗೆ ತಡಕಾಡುವುದೂ ನಟನೆಯೇ ಎಂದು ಜನ ನಂಬಿದರು. ಪರದೆ ಇಳಿದಾಗ ಚಪ್ಪಾಳೆ ಎಷ್ಟೋ ಹೊತ್ತು ನಿಲ್ಲಲಿಲ್ಲ.

ದೊರೆ ತಿರುಗಿ ಅವಳನ್ನು ಕೇಳಿದ.

"ಮುಗೀತಾ?"

"ಮುಗೀತು."

"ಚೆನ್ನಾಗಾಯ್ತಾ?"

"ತುಂಬಾ ಚೆನ್ನಾಗಾಯ್ತು," ಎಂದಳು. 

ಜನ ಚದುರಿದರು. ಕಿಟಕಿಯಿಂದ ಸಂಜೆಯ ಬಿಸಿಲು ಗ್ರೀನ್ ರೂಮಿನ ನೆಲದ ಮೇಲೆ ಬಿದ್ದಿತ್ತು. ಬಣ್ಣದಮ್ಮ ಅವನ ಉಂಗುರವನ್ನು ತೆಗೆದು ಡಬ್ಬಿಯಲ್ಲಿಟ್ಟು, ಏನೋ ನೆಪ ಹೇಳಿ ಹೊರಗೆ ಹೋದರು. ಅವಳು ಅಪ್ಪನ ಸ್ಟೂಲನ್ನು ತಂದು ಅವನ ಪಕ್ಕ ಹಾಕಿಕೊಂಡು, ಹತ್ತಿಯಲ್ಲಿ ಎಣ್ಣೆ ಅದ್ದಿ ಅವನ ಮುಖದ ಬಣ್ಣ ಒರೆಸತೊಡಗಿದಳು.

"ನಾಳೆ ಅಕ್ಕ ಬರ್ತಾಳೆ," ಎಂದ ಅವನು.

"ಗೊತ್ತು. ನಾನೂ ಬರ್ತೀನಿ. ಕರಡು ತಿದ್ದೋ ಕೆಲಸ ಎಲ್ಲಿ ಕೂತ್ರೂ ಆಗುತ್ತೆ. ಅಂಚೇಲಿ ಕಳಿಸ್ತಾರೆ."

"ಹುಚ್ಚಾ ನಿನಗೆ? ಎಷ್ಟು ದಿನ ನನಗೆ ನೀನು ಗೊತ್ತಿರ್ತೀಯ? ಒಂದು ವರ್ಷ? ಎರಡು? ಆಮೇಲೆ ನಿನ್ನ ಕೈಗೂ ಖಾಲಿ ಪಾತ್ರೆ ಕೊಡ್ತೀನಿ."

"ಕೊಡಿ. ನೀವು ನಿಮ್ಮಮ್ಮನಿಗೆ ಹಾಲು ಹಾಕಿಕೊಟ್ಟಿರಲಿಲ್ವಾ? ನಾನೂ ಹಾಕಿಕೊಡ್ತೀನಿ." ಅವಳ ಕೈ ತಡೆಯಿತು. "ಒಂದು ಕೇಳ್ತೀನಿ. ನಿಜ ಹೇಳಿ. ಆ ಚಹಾ, ಬೀದಿ ತಿರುವಲ್ಲಿ ನಿಲ್ತಿದ್ದಿದ್ದು... ಎಲ್ಲ ಮರೆವೇನಾ?"

ಅವನು ಕನ್ನಡಿಯಲ್ಲೇ ಅವಳನ್ನು ನೋಡಿದ.

"ಎರಡನೇ ಲೋಟ ಮರೆವು," ಎಂದ. "ಮೊದಲನೇದಲ್ಲ. ತಿರುವಿನಲ್ಲಿ ನಿಂತಿದ್ದು ವಾಪಸ್ ದಾರಿ ಗೊತ್ತಾಗದೆ. ಅಲ್ಲಿವರೆಗೆ ಬರ್ತಿದ್ದಿದ್ದು ನಿನಗೋಸ್ಕರ."

ಅವಳು ಕೆಳತುಟಿ ಕಚ್ಚಿಕೊಂಡು ಮತ್ತೆ ಬಣ್ಣ ಒರೆಸಿದಳು. ದೊರೆಯ ಮುಖ ಅಳಿಸಿ, ಅದರ ಕೆಳಗಿನಿಂದ ದಣಿದ, ಹೆದರಿದ, ಅವಳಿಗೆ ಬೇಕಾದ ಮುಖ ಹೊರಬಂತು.

"ನಿನಗೆ ಒಂದು ಮಾತು ಹೇಳಬೇಕಿತ್ತು..." ಎಂದ ಅವನು.

ನಿಲ್ಲಿಸಿದ.

ಅವಳು ಕಾದಳು. ಹೊರಗೆ ಯಾರೋ ಕುರ್ಚಿಗಳನ್ನು ಮಡಿಸುತ್ತಿದ್ದರು. ಅವನ ತುಟಿ ಅಲುಗಿತು, ಮಾತು ಬರಲಿಲ್ಲ. ಅವಳ ಕಣ್ಣು ಅವನ ಹೆಗಲಿಗೆ ಹೋಯಿತು, ಆದರೆ ನೀರು ತುಂಬಿದ ಕಣ್ಣಿಗೆ ಏನೂ ಕಾಣಲಿಲ್ಲ.

"ಮರೆತ್ರಾ?" ಎಂದಳು ಮೆಲ್ಲಗೆ. "ಎತ್ತಿಕೊಡಲಾ?"

ಅವನು ತಲೆ ಅಲ್ಲಾಡಿಸಿದ. ಎಷ್ಟೋ ದಿನ ಆದ ಮೇಲೆ ನಕ್ಕ.

"ಇಲ್ಲ ಕಣೇ. ಇದು ಮರೆವಲ್ಲ, ಮೌನ."

ಅವಳು ಹತ್ತಿಯನ್ನು ಕೆಳಗಿಟ್ಟು, ಅವನ ಬರಿಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಮನಸ್ಸಿನಲ್ಲಿ ಒಂಬತ್ತು ಎಣಿಸಿದಳು.

"ನೀನಂದ್ರೆ ನನಗೆ ಪ್ರಾಣ," ಎಂದ ಅವನು.

"ನನಗೂ."

"ನಾಳೆ ಈ ಮಾತು ಮರೆತುಹೋದ್ರೆ?"

"ಎತ್ತಿಕೊಡ್ತೀನಿ," ಎಂದಳು ಅವಳು.